ಬೆಂಕಿ ಕಾಡಿಗೆ, ಹೊಗೆ ಯಾರಿಗೆ?

ಬೇಸಿಗೆ ಕಾಲಿಟ್ಟಿತೆಂದರೆ ಗುಂಡ್ಲುಪೇಟೆ ಸೀಮೆಯ ಜನ ಗೋಪಾಲಸ್ವಾಮಿ ಬೆಟ್ಟದ ಕಡೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಹೊಗೆ ಎದ್ದರೆ ಅರಣ್ಯ ಇಲಾಖೆಗೆ ನಿದ್ದೆಯಿಲ್ಲ. ಪೇಟೆಗೆ ಮಾತ್ರ ಚಿಂತೆಯಿಲ್ಲ. ‘ಕಾಡು ಉರಿದ್ರೆ ನಮಗೇನು ಬುಡಿ ಸ್ವಾಮಿ’ ಎಂಬುದು ಟೀ ಅಂಗಡಿ ಬೆಂಚಿನ ಹಳೇ ಮಾತು. ಬೆಂಕಿ ಕಾಡಿನ ಗಡಿ ದಾಟದೆ ಇರಬಹುದು. ಹೊಗೆಗೆ ಗಡಿಯೂ ಇಲ್ಲ, ಚೆಕ್‌ಪೋಸ್ಟೂ ಇಲ್ಲ.

2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ 4,000 ಹೆಕ್ಟೇರಿಗೂ ಮಿಕ್ಕಿ ಕಾಡು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು ನೀರು ಸುರಿಯಬೇಕಾಯಿತು. ಹುಲಿ ಎಷ್ಟು, ಮರ ಎಷ್ಟು ಎಂದು ಎಲ್ಲರೂ ಕೇಳಿದರು. ಕೇಳಬೇಕಾದದ್ದೇ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಕೆಮ್ಮುತ್ತ ನಿಲ್ಲುವ ಮುದುಕನ ಲೆಕ್ಕವೂ ಒಂದಿದೆಯಲ್ಲ?

ಹೊಗೆಯಲ್ಲಿ ಕಣ್ಣು ಉರಿಸುವುದು ಕಾಣುತ್ತದೆ. ಕೊಲ್ಲುವುದು ಕಾಣುವುದಿಲ್ಲ. 2.5 ಮೈಕ್ರಾನಿಗಿಂತ ಸಣ್ಣ ಕಣ, ಅಂದರೆ ತಲೆಗೂದಲಿನ ಮೂವತ್ತರಲ್ಲಿ ಒಂದು ಪಾಲು, ನೇರ ಶ್ವಾಸಕೋಶದ ತಳಕ್ಕೆ ಇಳಿದು ರಕ್ತಕ್ಕೂ ಸೇರುತ್ತದೆ. ಉಬ್ಬಸದವರು, ಹೃದಯದ ಕಾಯಿಲೆಯವರು, ಬಸುರಿಯರು, ಮಕ್ಕಳು, ವಯಸ್ಸಾದವರು ಮೊದಲು ನರಳುತ್ತಾರೆ.

ಮುಖಕ್ಕೆ ಒದ್ದೆ ಟವೆಲ್ ಸುತ್ತಿಕೊಂಡರೆ ಸಾಕು ಎನ್ನುವವರಿದ್ದಾರೆ. ಸಾಲದು. ಟವೆಲ್ ಬೂದಿ ತಡೆದೀತು, ಈ ಕಣವನ್ನಲ್ಲ. ಎನ್-95 ಮಾಸ್ಕ್ ಬೇಕು, ಅದೂ ಕೆನ್ನೆ ಮೂಗಿನ ಹತ್ತಿರ ಸಂದಿಲ್ಲದಂತೆ ಕೂರಬೇಕು. ಕೊರೋನಾ ಕಾಲದಲ್ಲಿ ಕೊಂಡದ್ದು ಬೀರುವಿನಲ್ಲಿದ್ದರೆ ದಾರ ಸಡಿಲಾಗಿದೆಯೇ ನೋಡಿಕೊಳ್ಳಲಿ.

ರಾತ್ರಿಯ ತಂಪಿಗೆ ಹೊಗೆ ನೆಲಕ್ಕೆ ಕೂರುತ್ತದೆ, ಬಿಸಿಲೇರಿದ ಮೇಲೆ ಮೇಲೇಳುತ್ತದೆ. ಆದ್ದರಿಂದ ಹೊಗೆಯ ದಿನ ಬೆಳಗಿನ ವಾಕಿಂಗ್ ಬಿಟ್ಟರೆ ನಷ್ಟವಿಲ್ಲ. ಮೂಟೆ ಇಳಿಸುವ ಕೆಲಸ ತುಸು ತಡವಾದರೂ ಅಂಗಡಿ ಮುಳುಗುವುದಿಲ್ಲ. ರಾತ್ರಿ ಕಿಟಕಿ ಮುಚ್ಚಲಿ. ಮನೆಯೊಳಗೆ ಊದುಬತ್ತಿ, ಸೊಳ್ಳೆ ಬತ್ತಿ, ಬೀಡಿ ಬೇಡ. ಗುಡಿಸುವ ಮುಂಚೆ ನೀರು ಚಿಮುಕಿಸಲಿ. ಊಟಿ ಕಡೆ ಹೋಗುವ ಬಸ್ಸಿನಲ್ಲಿ ಹೊಗೆ ಕಂಡ ಕೂಡಲೇ ಕಿಟಕಿ ಗಾಜು ಎಳೆಯಲಿ. ಉಬ್ಬಸದವರ ಪಂಪು ಜೇಬಿನಲ್ಲೇ ಇರಲಿ. ಎದೆ ನೋವು, ಮಾತಾಡಲೂ ಆಗದ ಏದುಸಿರು ಬಂದರೆ ಸೋಡಾ ಕುಡಿದು ಕೂರುವುದಲ್ಲ, ಆಸ್ಪತ್ರೆಗೆ ಹೋಗುವುದು.

ಇನ್ನು ಅಂಗಡಿ ಸಾಹುಕಾರರ ವಿಷಯ. ಹಗಲೆಲ್ಲ ಕಾಡಿನ ಹೊಗೆಯನ್ನು ಬೈದು, ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ರಟ್ಟು, ಪ್ಲಾಸ್ಟಿಕ್ ಗುಡ್ಡೆ ಹಾಕಿ ಕಡ್ಡಿ ಗೀರುವುದು ಯಾವ ನ್ಯಾಯ? ಕಾಡಿನ ಬೆಂಕಿಯೂ ಬಹುಪಾಲು ಮನುಷ್ಯರ ಕೈಯಿಂದಲೇ ಹತ್ತುವುದು. ಒಣಗಿದ ಲಂಟಾನಕ್ಕೆ ಒಂದು ಬೀಡಿ ತುಂಡು ಸಾಕು.

ಸರ್ಕಾರದ ಪಾಲೂ ಇದೆ. ವಾಯು ಗುಣಮಟ್ಟ ಸೂಚ್ಯಂಕ ಎಂಬುದು ದೇಶದಲ್ಲಿ 2015ರಿಂದ ಇದೆ. 100ರೊಳಗೆ ಇದ್ದರೆ ವಾಸಿ, 200 ದಾಟಿದರೆ ಕೆಟ್ಟದ್ದು, 400 ದಾಟಿದರೆ ಗಂಭೀರ. ಇದು ಮೊಬೈಲ್ ಉಳ್ಳವರ ಸೊತ್ತಾಗಿ ಉಳಿಯಬಾರದು. ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಸಾಕು, ಎಷ್ಟು ಖರ್ಚಾದೀತು?

ಎಲ್ಲಕ್ಕಿಂತ ಮೊದಲು ಮಾಸ್ಕ್ ಸಿಗಬೇಕಾದದ್ದು ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವ ವಾಚರುಗಳಿಗೆ. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದ ಬೆಂಕಿಗೆ ಒಬ್ಬ ಫಾರೆಸ್ಟ್ ಗಾರ್ಡ್ ಬಲಿಯಾದ. ಪೇಟೆಯವರು ಹೊಗೆಯಿಂದ ಓಡಿ ಮನೆ ಸೇರಬಹುದು. ಅವರು ಹೊಗೆಯೊಳಕ್ಕೇ ನುಗ್ಗಬೇಕು.