ಬಣ್ಣದ ಕೆಳಗಿನ ಗುಟ್ಟು

ಮಕ್ಕಳೇ, ಹಳೆಯ ಕಾರಿಗೆ ಬಣ್ಣ ಹೊಡೆಯುವುದು ಹೇಗೆ ಎಂದು ಕೇಳಿದರೆ ಏನು ಹೇಳುತ್ತೀರಿ? ಡಬ್ಬ ತೆರೆಯುವುದು, ಗನ್ನಿನಿಂದ ಬುಸ್ಸೆಂದು ಹೊಡೆಯುವುದು, ಅಷ್ಟೇ ತಾನೇ? ನಾನೂ ಹಾಗೇ ಅಂದುಕೊಂಡಿದ್ದೆ. ಅದಕ್ಕೆ ದಂಡ ತೆತ್ತ ಕಥೆ ಇದು.

ನಮ್ಮ ಮನೆಯಲ್ಲಿ ಅಪ್ಪ ಕೊಂಡ ಪ್ರೀಮಿಯರ್ ಪದ್ಮಿನಿ ಇದೆ. ಇಟಲಿಯ ಫಿಯೆಟ್ 1100 ಮಾದರಿಯ ಈ ಕಾರು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಾಯಿತು. ಅಪ್ಪನಿಗೆ 75 ತುಂಬುವ ದಿನ ಅದನ್ನು ಹೊಸದರಂತೆ ಮನೆ ಮುಂದೆ ನಿಲ್ಲಿಸಬೇಕೆಂದು ನನ್ನ ಆಸೆ. ಉಳಿದಿದ್ದು ಹತ್ತೇ ದಿನ. 'ಬೇಗ ಆಗಬೇಕು' ಎಂದೆ. ಬೇಗ ಆಯಿತು, ಬಿಳಿ ಬಣ್ಣ ಫಳಫಳ ಹೊಳೆಯಿತು. ಆದರೆ ಮಳೆಗಾಲದಲ್ಲಿ ಬಾಗಿಲಿನ ಕೆಳಗೆ ಬಣ್ಣ ಹಪ್ಪಳದಂತೆ ಉಬ್ಬಿತು. ಉಗುರಿನಿಂದ ಕೆರೆದರೆ ತುಕ್ಕಿನ ಪುಡಿ!

ಎರಡನೇ ಸಲ ಹಿರಿಯ ಪೇಂಟರ್ ಒಬ್ಬರ ಬಳಿ ಹೋದೆ. ಮಗಳೂ ಜೊತೆಗಿದ್ದಳು. ಅವರು ಜೇಬಿನಿಂದ ಅಯಸ್ಕಾಂತ ತೆಗೆದು, ತೆಳು ಬಟ್ಟೆಯಲ್ಲಿ ಸುತ್ತಿ, ಕಾರಿನ ಮೈಗೆ ಹಿಡಿದರು. ಮೇಲ್ಭಾಗದಲ್ಲಿ ಗಟ್ಟಿಯಾಗಿ ಅಂಟಿತು. ಬಾಗಿಲಿನ ಕೆಳಗೆ ಜಾರಿ ಬಿತ್ತು.

"ನೋಡು ಮಗಾ, ಇಲ್ಲಿ ತಗಡೇ ಇಲ್ಲ. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿದ್ದಾರೆ. ಅಯಸ್ಕಾಂತಕ್ಕೆ ಸುಳ್ಳು ಹೇಳೋಕಾಗಲ್ಲ" ಎಂದರು.

ಆಮೇಲೆ ಬಂಪರು, ದೀಪ, ಗಾಜು ಎಲ್ಲ ಕಳಚಿದರು. ಬಾಗಿಲಿನ ರಬ್ಬರ್ ಕಿತ್ತಾಗ ಅದರಡಿ ಅಂಗೈಯಗಲ ತಿಳಿನೀಲಿ ಕಂಡಿತು, ಕಾರು ಕಾರ್ಖಾನೆಯಿಂದ ಬಂದಾಗಿನ ಬಣ್ಣ. ಸುದ್ದಿ ಕೇಳಿ ಅಪ್ಪ ಗ್ಯಾರೇಜಿಗೇ ಬಂದರು. ಅದರ ಮೇಲೆ ಬೆರಳಿಟ್ಟು, "ಇದು ನಿಮ್ಮಮ್ಮ ಆರಿಸಿದ ಬಣ್ಣ ಕಣೋ" ಎಂದರು. ಅಮ್ಮ ಈಗಿಲ್ಲ. ಯಾವ ಬಣ್ಣ ಎಂಬ ಚರ್ಚೆ ಅಲ್ಲಿಗೇ ಮುಗಿಯಿತು.

ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆದರು. ಪ್ರೈಮರ್ ಹೊಡೆದು, ಸಣ್ಣ ತಗ್ಗುಗಳಿಗಷ್ಟೇ ತೆಳುವಾಗಿ ಪುಟ್ಟಿ ಹಚ್ಚಿದರು. ಆಮೇಲೆ ಉಜ್ಜುವುದು, ಉಜ್ಜುವುದು, ಉಜ್ಜುವುದು! ಎಮರಿ ಕಾಗದದ ನಂಬರ್ ಹೆಚ್ಚಿದಷ್ಟೂ ಅದರ ಹರಳು ನುಣುಪು. ಪುಟ್ಟಿಗೆ 80ರ ಕಾಗದ. ಕೊನೆಯ ಹೊಳಪಿಗೆ ನೀರಿನೊಂದಿಗೆ 2000ದ್ದು.

ನಡುವೆ ಒಂದು ಉಪಾಯ ಮಾಡಿದರು. ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನಂತೆ ತೆಳುವಾಗಿ ಹಾರಿಸಿ, ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿದರು. ಉಬ್ಬಿನ ಕಪ್ಪು ಅಳಿಯಿತು, ತಗ್ಗಿನ ಕಪ್ಪು ಉಳಿಯಿತು. ತಗ್ಗು ಎಲ್ಲಿದೆ ಎಂದು ಗೊತ್ತಾಯಿತು. ಹೊಳೆಯುವ ಬಣ್ಣ ಕುಂದನ್ನು ಮುಚ್ಚುವುದಿಲ್ಲ, ಇನ್ನಷ್ಟು ಎದ್ದು ತೋರಿಸುತ್ತದೆ.

ಬಣ್ಣ ಹೊಡೆಯುವ ದಿನ ಮೈಯನ್ನು ಮತ್ತೆ ಮತ್ತೆ ಒರೆಸಿದರು. ಎಣ್ಣೆಯ ಒಂದು ಬೆರಳಚ್ಚು ಉಳಿದರೂ ಅಲ್ಲಿ ಬಣ್ಣ ನಿಲ್ಲದೆ ಗುಳಿ ಬೀಳುತ್ತದಂತೆ. ಗಟ್ಟಿಗೊಳಿಸುವ ದ್ರವ ಬೆರೆಸಿದ ಈ ಬಣ್ಣದ ಆವಿ ಶ್ವಾಸಕೋಶಕ್ಕೆ ಅಪಾಯ. ಹಾಗಾಗಿ ಅವರು ಮುಖವಾಡ ಧರಿಸಿ ಒಳಗೆ, ನಾವು ದೂರ. ಆ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಅದಕ್ಕೆ ಮುಂಚಿನ ತಯಾರಿಗೆ ಮೂರು ತಿಂಗಳು!

ನೂರು ವರ್ಷದ ಹಿಂದೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. 1920ರ ದಶಕದಲ್ಲಿ ಅಮೆರಿಕದಲ್ಲಿ ಡ್ಯೂಕೋ ಎಂಬ ಬಣ್ಣ ಬಂದು ಅದು ಗಂಟೆಗಳ ಕೆಲಸವಾಯಿತು. ಒಣಗುವುದು ಬೇಗವಾಯಿತು, ಉಜ್ಜುವ ತಾಳ್ಮೆಗೆ ಮಾತ್ರ ಅಡ್ಡದಾರಿ ಇಲ್ಲ.

ಅಪ್ಪನ ಹುಟ್ಟುಹಬ್ಬ ಮುಗಿದು ವರ್ಷವಾಗುವ ಹೊತ್ತಿಗೆ ತಿಳಿನೀಲಿ ಪದ್ಮಿನಿ ಮನೆಗೆ ಬಂತು. ಅಪ್ಪ ಬಾಗಿಲಿನ ಕೆಳಗೆ ಕೈಯಾಡಿಸಿ ನೋಡಿ, ಪಕ್ಕದ ಸೀಟಿನಲ್ಲಿ ಮೊಮ್ಮಗಳನ್ನು ಕೂರಿಸಿಕೊಂಡು ಹೊರಟರು.

ಎರಡು ಮಳೆಗಾಲ ಕಳೆದಿವೆ. ಒಂದು ಗುಳ್ಳೆಯೂ ಎದ್ದಿಲ್ಲ.