ಹೆಸರು ಬೇಡ, ಒಂದು ಕಾಗದ ಬರೆಯಿರಿ

ಅಂಗಾಂಗ ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ, ಅವರ ಮನೆಮಂದಿಗೆ, ಆಸ್ಪತ್ರೆಗಳ ಕಸಿ ಸಂಯೋಜಕರಿಗೆ ಮತ್ತು ರಾಜ್ಯ ಸರ್ಕಾರಕ್ಕೆ ಒಂದು ಮನವಿ

"ಎಷ್ಟು ಕೊಟ್ರಂತೆ?"

ಮಗನ ಅಂಗಾಂಗ ದಾನ ಮಾಡಿ ಊರಿಗೆ ಬಂದ ತಂದೆತಾಯಿಗೆ ಹನ್ನೊಂದನೇ ದಿನದ ಕಾರ್ಯ ಮುಗಿಯುವ ಮೊದಲೇ ಈ ಮಾತು ಕಿವಿಗೆ ಬೀಳುತ್ತದೆ. ಎದುರಿಗೆ ನಿಂತು ಕೇಳುವವರು ಕಡಿಮೆ. ಹಾಲಿನ ಡೇರಿಯ ಮುಂದೆ, ಅರಳಿಕಟ್ಟೆಯ ಮೇಲೆ, ಹೆಣ್ಣುಮಕ್ಕಳು ನೀರು ಹಿಡಿಯುವ ಕಡೆ ಮಾತು ಹುಟ್ಟಿ ಮನೆ ಬಾಗಿಲಿಗೆ ತಾನಾಗಿಯೇ ಬರುತ್ತದೆ. ಹಣ ತಗೊಂಡಿಲ್ಲ ಅಂದರೆ ನಂಬುವವರಿಲ್ಲ. ಅಂಗಾಂಗ ಮಾರುವುದು, ಕೊಳ್ಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. 2011ರ ತಿದ್ದುಪಡಿಯಾದ ಮೇಲೆ ಅದಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಆದರೆ ಅರಳಿಕಟ್ಟೆಯಲ್ಲಿ ಕೂತವರು ಕಾಯ್ದೆ ಓದಿರುವುದಿಲ್ಲ. ಆ ತಾಯಿಯ ಕೈಯಲ್ಲಿ ಇರುವುದು ಮರಣ ಪ್ರಮಾಣಪತ್ರ ಮತ್ತು ಪೋಸ್ಟ್ ಮಾರ್ಟಂ ವರದಿಯ ಜೆರಾಕ್ಸ್. ಮಗನಿಂದ ಯಾರಿಗೆ ಏನಾಯಿತು ಎಂದು ಹೇಳುವ ಒಂದು ಸಾಲು ಅವಳ ಹತ್ತಿರ ಇಲ್ಲ.

ಆ ಸಾಲು ಬರೆಯಬೇಕಾದವರು ನೀವು, ಅವನ ಮೂತ್ರಪಿಂಡ, ಯಕೃತ್ತು, ಹೃದಯ ಪಡೆದವರು. ಬರೆದದ್ದು ಆ ಮನೆಗೆ ತಲುಪುವ ಹಾಗೆ ಮಾಡಬೇಕಾದದ್ದು ಆಸ್ಪತ್ರೆ ಮತ್ತು ಸರ್ಕಾರ. ಈ ಕರಪತ್ರದಲ್ಲಿ ನಾವು ಕೇಳುತ್ತಿರುವುದು ಇಷ್ಟನ್ನೇ.

ಕಸಿಯಾದವರಿಗೆ ಆಚೆ ಮನೆಯಲ್ಲಿ ಆ ರಾತ್ರಿ ಏನು ನಡೆಯಿತು ಎಂಬುದು ಗೊತ್ತಿರುವುದಿಲ್ಲ. ಗೊತ್ತಿರಲಿ ಎಂದೇ ಬರೆಯುತ್ತಿದ್ದೇವೆ. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇರುತ್ತಾನೆ. ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಗಡ್ಡ ಕೂಡ ಮೊನ್ನೆ ಮನೆಯಿಂದ ಹೊರಟಾಗ ಇದ್ದ ಹಾಗೇ ಇರುತ್ತದೆ. ನಾಲ್ವರು ವೈದ್ಯರ ಮಂಡಳಿ ಪರೀಕ್ಷೆ ಮಾಡುತ್ತದೆ. ಕನಿಷ್ಠ ಆರು ಗಂಟೆ ಬಿಟ್ಟು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುತ್ತದೆ. ಎರಡರಲ್ಲೂ ಮಿದುಳಿನ ಕಾಂಡ ಸತ್ತಿದೆ ಎಂದು ಖಚಿತವಾದರೆ ಮಾತ್ರ ಮಿದುಳು ಮರಣ ಎಂದು ಬರೆದುಕೊಡುತ್ತಾರೆ. ಅಲ್ಲಿಂದ ಮುಂದಿನ ಮಾತು ಮನೆಯವರದು. ಅವನು ಬದುಕಿದ್ದಾಗ ದಾನಕ್ಕೆ ಹೆಸರು ಬರೆಸಿದ್ದರೂ ಈಗ ಮನೆಯವರು ಸಹಿ ಹಾಕದೆ ಕೆಲಸ ಮುಂದೆ ಹೋಗುವುದಿಲ್ಲ. ಬೆಚ್ಚಗಿದ್ದ ಕೈಯನ್ನು ಹಿಡಿದುಕೊಂಡೇ ಅಪ್ಪನೋ ಅಣ್ಣನೋ ಹೆಂಡತಿಯೋ 'ಆಗಲಿ' ಅನ್ನುತ್ತಾರೆ. ಅಪಘಾತದ ಕೇಸಾದ್ದರಿಂದ ಪೊಲೀಸರ ಕಾಗದಪತ್ರ, ಪೋಸ್ಟ್ ಮಾರ್ಟಂ ಎಲ್ಲ ಮುಗಿದು ದೇಹ ಕೈಗೆ ಸಿಗುವ ತನಕ ಕಾರಿಡಾರಿನಲ್ಲೇ ಕೂತಿರುತ್ತಾರೆ. ನಿಮಗೆ ಫೋನ್ ಬಂದು ನೀವು ಗಡಿಬಿಡಿಯಲ್ಲಿ ಬಟ್ಟೆ ತುಂಬಿಕೊಂಡು ಹೊರಟದ್ದು ಆ ಹೊತ್ತಿನಲ್ಲೇ.

ಆಮೇಲೆ ಊರು. ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಅನುಮಾನ ಒಳಗೆ ಸೇರುತ್ತದೆ: ಮೈ ಬೆಚ್ಚಗಿತ್ತಲ್ಲ, ನಾವೇ ಅವಸರ ಮಾಡಿಬಿಟ್ವೇನೋ? ವೈದ್ಯರು ಎಷ್ಟೇ ವಿವರಿಸಿದ್ದರೂ ಈ ಅನುಮಾನ ಪೂರ್ತಿ ಹೋಗುವುದಿಲ್ಲ. ಬಗೆಹರಿಯದ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಕೊಟ್ಟದ್ದು ಕೆಲಸಕ್ಕೆ ಬಂತೋ, ಇಲ್ಲ ಅದೂ ವ್ಯರ್ಥವಾಯಿತೋ? ದಾನಿ ಕುಟುಂಬಗಳು ನಮ್ಮ ಹತ್ತಿರ ಹೆಚ್ಚಾಗಿ ಹೇಳುವುದು ಇದನ್ನೇ. ನಿಮ್ಮ ಊರು, ಹೆಸರು, ಮುಖ ಅವರಿಗೆ ಅಷ್ಟು ಮುಖ್ಯವಲ್ಲ. 'ಬದುಕಿದ್ದಾರಾ?' ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕು.

ಕಸಿ ಮಾಡಿಸಿಕೊಂಡವರು ಯಾಕೆ ಬರೆಯುವುದಿಲ್ಲ ಎಂಬುದೂ ನಮಗೆ ಗೊತ್ತು. ಕೃತಘ್ನತೆಯಿಂದ ಸುಮ್ಮನಿರುವವರನ್ನು ನಾವು ಕಂಡಿಲ್ಲ. ಕಸಿಯಾದ ಮೊದಲ ತಿಂಗಳುಗಳೇ ಕಠಿಣ: ದೇಹ ಹೊಸ ಅಂಗವನ್ನು ತಿರಸ್ಕರಿಸದ ಹಾಗೆ ಹೊತ್ತುಹೊತ್ತಿಗೆ ಮಾತ್ರೆ, ವಾರವಾರ ರಕ್ತಪರೀಕ್ಷೆ, ಮಾಸ್ಕ್, ಸೋಂಕಿನ ಭಯ. ಆ ಮಾತ್ರೆ ಜೀವನಪೂರ್ತಿ ತಪ್ಪುವುದಿಲ್ಲ. ಅದಕ್ಕಿಂತ ಭಾರವಾದದ್ದು ಮನಸ್ಸಿನೊಳಗೆ ಇರುತ್ತದೆ. ಲಿಸ್ಟಿನಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾಗ ನಾವು ಯಾರದೋ ಸಾವಿಗೆ ಕಾಯುತ್ತಿದ್ದೆವಲ್ಲ ಎಂಬ ಸಂಕಟ. ಮಗನನ್ನು ಕಳೆದುಕೊಂಡ ತಾಯಿಗೆ 'ನಾನು ಚೆನ್ನಾಗಿದ್ದೇನೆ' ಎಂದು ಯಾವ ಬಾಯಲ್ಲಿ ಹೇಳುವುದು ಎಂಬ ಹಿಂಜರಿಕೆ. ಬರೆದರೆ ಸಂಬಂಧ ಬೆಳೆದು ನಾಳೆ ಏನಾದರೂ ಕೇಳಿಬಿಟ್ಟರೆ ಎಂಬ ಭಯ. ಇಂಥ ಋಣಕ್ಕೆ ಒಂದು ಕಾಗದ ಯಾವ ಲೆಕ್ಕ ಎಂಬ ನಾಚಿಕೆ.

ಸಂಕಟಪಡುವವರಿಗೆ ಒಂದು ಮಾತು. ನೀವು ಕಾಯದಿದ್ದರೂ ಆ ಹುಡುಗ ಸಾಯುತ್ತಿದ್ದ. ಅವನ ಸಾವಿಗೆ ಕಾರಣ ರಸ್ತೆ. ನಿಮ್ಮ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವನ ಮನೆಯವರು. ಆದ್ದರಿಂದಲೇ ಸಹಿ ಹಾಕಿದರು.

ಗೌಪ್ಯತೆಯ ನಿಯಮ ಇದೆಯಲ್ಲ, ಬರೆಯುವುದು ಹೇಗೆ ಎಂದು ಕೇಳುವವರಿದ್ದಾರೆ. ದಾನಿ ಯಾರೆಂದು ಪಡೆದವರಿಗೆ, ಪಡೆದವರು ಯಾರೆಂದು ದಾನಿಯ ಮನೆಯವರಿಗೆ ಹೇಳುವುದಿಲ್ಲ ಎಂಬ ಪದ್ಧತಿಯನ್ನು ನಾವೂ ಒಪ್ಪುತ್ತೇವೆ. ಹಣದ ಒತ್ತಡ, ಜಾತಿಯ ವಿಚಾರಣೆ, 'ನನ್ನ ಮಗನ ಹೃದಯ ನಿನ್ನಲ್ಲಿದೆ, ನೀನು ಹೀಗಿರಬೇಕು' ಎಂಬ ಹಕ್ಕು, ಇವನ್ನೆಲ್ಲ ತಡೆಯಲು ಅದು ಬೇಕು. ಆದರೆ ಇವತ್ತು ಆ ಗೌಪ್ಯತೆ ಹೇಗಿದೆ ನೋಡಿ. ಆಂಬುಲೆನ್ಸಿಗೆ ಜೀರೋ ಟ್ರಾಫಿಕ್ ಮಾಡಿಕೊಟ್ಟ ಸಂಜೆಯೇ ಟಿವಿಯಲ್ಲಿ ದಾನಿಯ ಹೆಸರು, ಊರು, ಫೋಟೋ ಬರುತ್ತದೆ. ಹೃದಯ ಯಾವ ಆಸ್ಪತ್ರೆಗೆ ಹೋಯಿತು, ಎಷ್ಟು ನಿಮಿಷದಲ್ಲಿ ಹೋಯಿತು ಎಂಬುದು ಮರುದಿನದ ಪತ್ರಿಕೆಯಲ್ಲಿ ಇರುತ್ತದೆ. ಸುದ್ದಿಗೆ ಅಡ್ಡ ಬರದ ಗೌಪ್ಯತೆ ಧನ್ಯವಾದಕ್ಕೆ ಮಾತ್ರ ಅಡ್ಡ ಬರುವುದು ಯಾವ ನ್ಯಾಯ? ಹೆಸರಿಲ್ಲದ ಕಾಗದದಿಂದ ಯಾರ ಗೌಪ್ಯತೆಯೂ ಹೋಗುವುದಿಲ್ಲ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ದಾನಿ ಕುಟುಂಬಗಳಿಗೆ ಕಾಗದ ತಲುಪಿಸುವುದನ್ನೇ ಒಂದು ಕೆಲಸವಾಗಿ ಇಟ್ಟುಕೊಂಡಿದೆ. ಅಮೆರಿಕದಲ್ಲಿ ಅಂಗಾಂಗ ಸಂಗ್ರಹ ಸಂಸ್ಥೆಗಳು ಎರಡೂ ಕಡೆಯ ಕಾಗದ ಓದಿ, ಗುರುತು ಹತ್ತುವ ವಿವರ ತೆಗೆಸಿ ಮುಂದೆ ಕಳಿಸುತ್ತವೆ. ಇಬ್ಬರೂ ಒಪ್ಪಿದರೆ ಮಾತ್ರ ಭೇಟಿ.

ಭೇಟಿಯ ವಿಷಯದಲ್ಲಿ ಇಟಲಿಯ ಒಂದು ಘಟನೆ ಹೇಳಲೇಬೇಕು. 1994ರ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಪ್ರವಾಸಕ್ಕೆ ಹೋಗಿದ್ದ ಅಮೆರಿಕದ ಒಂದು ಕುಟುಂಬದ ಕಾರಿನ ಮೇಲೆ ದರೋಡೆಕೋರರು ರಾತ್ರಿ ಗುಂಡು ಹಾರಿಸಿದರು. ಹಿಂದಿನ ಸೀಟಿನಲ್ಲಿ ಮಲಗಿದ್ದ ಏಳು ವರ್ಷದ ನಿಕೊಲಸ್ ಗ್ರೀನ್ ಅಕ್ಟೋಬರ್ 1ರಂದು ತೀರಿಕೊಂಡ. ಮಗನನ್ನು ಕೊಂದ ದೇಶದಲ್ಲೇ ಅವನ ಅಂಗಾಂಗ ಕೊಡಲು ತಂದೆ ರೆಜ್, ತಾಯಿ ಮ್ಯಾಗಿ ಒಪ್ಪಿದರು. ಅಂಗ ಮತ್ತು ಕಾರ್ನಿಯಾ ಸೇರಿ ಏಳು ಜನ ಇಟಲಿಯವರು ಪಡೆದರು. ಕೆಲವು ತಿಂಗಳ ಮೇಲೆ ತಂದೆತಾಯಿ ಅವರನ್ನು ಕಂಡರು. ಯಕೃತ್ತು ಪಡೆದು ಸಾವಿನಿಂದ ಎದ್ದ ಒಬ್ಬ ಹುಡುಗಿ ಮುಂದೆ ಮದುವೆಯಾಗಿ ತನ್ನ ಮಗನಿಗೆ ನಿಕೊಲಸ್ ಎಂದೇ ಹೆಸರಿಟ್ಟಳು. ಆ ಮುಂದಿನ ವರ್ಷಗಳಲ್ಲಿ ಇಟಲಿಯಲ್ಲಿ ಅಂಗಾಂಗ ದಾನ ಹಲವು ಪಟ್ಟು ಏರಿತು. ಆದರೆ 1999ರಲ್ಲಿ ಬಂದ ಕಾನೂನು ಅಂಥ ಪರಿಚಯಕ್ಕೆ ಬಾಗಿಲು ಹಾಕಿತು. ಆ ಬಾಗಿಲು ತೆರೆಸಬೇಕು ಎಂದು ರೆಜ್ ಗ್ರೀನ್ ಮುಪ್ಪಿನಲ್ಲೂ ಹೋರಾಡಿದರು. ನಿಕೊಲಸ್‌ನ ಹೃದಯ ಪಡೆದಿದ್ದ ಯುವಕ 2017ರಲ್ಲಿ ತೀರಿಕೊಂಡಾಗ ಗ್ರೀನ್ ಕುಟುಂಬಕ್ಕೆ ಇನ್ನೊಮ್ಮೆ ದುಃಖವಾಗಿರಲೇಬೇಕು. ಆದರೂ ಪರಿಚಯವಾದದ್ದು ತಪ್ಪಾಯಿತು ಎಂದು ಅವರು ಹೇಳಲಿಲ್ಲ. ಆ ಹೃದಯದಿಂದ ಒಬ್ಬನಿಗೆ ಇಪ್ಪತ್ತೆರಡು ವರ್ಷ ಹೆಚ್ಚು ಸಿಕ್ಕಿತ್ತು.

ನಮ್ಮಲ್ಲಿ ದೊಡ್ಡವರ ದಾನಕ್ಕೆ ನಾಡೇ ಕೈಮುಗಿದಿದೆ, ಮುಗಿಯಬೇಕಾದದ್ದೇ. 2021ರ ಜೂನಿನಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನಕ್ಕೆ ಒಪ್ಪಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು, ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಗಾರೆ ಕೆಲಸದವನ, ಆಟೋ ಓಡಿಸುವವನ, ಗಾರ್ಮೆಂಟ್ಸ್ ಹೆಣ್ಣುಮಗಳ ಮನೆಗೆ ಕೈಮುಗಿಯುವವರು ಯಾರು? ತಮಿಳುನಾಡು ಸರ್ಕಾರ 2023ರಿಂದ ಅಂಗಾಂಗ ದಾನಿಗಳ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಕೊಡುತ್ತಿದೆ. ತಹಶೀಲ್ದಾರರು ಹೂವಿನ ಹಾರ ಹಿಡಿದು ಮನೆ ಬಾಗಿಲಿಗೆ ಬಂದರೆ 'ಎಷ್ಟು ಕೊಟ್ರಂತೆ' ಎನ್ನುವ ಬಾಯಿ ಮುಚ್ಚುತ್ತದೆ. ಒಳ್ಳೆಯದೇ. ಆದರೆ ಸರ್ಕಾರದ ಹಾರ ಒಂದು ದಿನದ್ದು. ಬದುಕಿದವರ ಕಾಗದ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ಬೇಕಾದಾಗ ತೆಗೆದು ಓದಬಹುದು.

ಹೀಗೆ ಬರೆದರೂ ಸಾಕು:

"ಅಮ್ಮಾ, ಅಪ್ಪಾ, ನಾನು ಇಬ್ಬರು ಮಕ್ಕಳ ತಾಯಿ. ಮೂರು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದೆ. ಆಗ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳೆದು ಕುಡಿಯಬೇಕಿತ್ತು. ಈಗ ಬಾಯಾರಿದಾಗ ಚೊಂಬು ಎತ್ತಿ ಕುಡಿಯುತ್ತೇನೆ. ಪ್ರತಿ ಸಲವೂ ನಿಮ್ಮ ಮನೆಯ ನೆನಪಾಗುತ್ತದೆ. ಮಾತ್ರೆ ತಪ್ಪಿಸುವುದಿಲ್ಲ. ನಿಮ್ಮ ದುಃಖ ಎಷ್ಟೆಂದು ನನಗೆ ಗೊತ್ತಿಲ್ಲ. ನಿಮ್ಮ ಕಾಲಿಗೆ ನಮಸ್ಕಾರ."

ಹೆಸರು, ಊರು, ಆಸ್ಪತ್ರೆ, ಫೋನ್ ನಂಬರ್ ಬೇಡ. ದಾನಿಯ ಜಾತಿ ಕೇಳಬೇಡಿ, ನಿಮ್ಮದನ್ನು ಹೇಳಬೇಡಿ. ಹಣದ ಮಾತು ಬೇಡವೇ ಬೇಡ, ಮನಸ್ಸಿನಲ್ಲಿ ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಕಾಣಿಕೆ, ಸೀರೆ, ಮಗುವಿನ ಫೀಸು ಯಾವುದೂ ಬೇಡ. ಅದು ಕಾನೂನಿಗೆ ವಿರುದ್ಧವಾಗಬಹುದು, ಆ ಮನೆಯ ಮಾನಕ್ಕೂ ಕುಂದು. 'ನಿಮ್ಮ ಮಗ ನನ್ನೊಳಗೆ ಬದುಕಿದ್ದಾನೆ' ಎಂಬ ಮಾತನ್ನೂ ನೀವಾಗಿ ಬರೆಯಬೇಡಿ. ಕೆಲವು ತಾಯಂದಿರಿಗೆ ಅದು ಸಮಾಧಾನ, ಕೆಲವರಿಗೆ ಸಹಿಸಲಾಗದ ಮಾತು. ನಿಮ್ಮ ದಿನ ಹೇಗಿದೆ ಎಂದಷ್ಟೇ ಬರೆಯಿರಿ. ಅಕ್ಷರ ಬಾರದವರು ಮಕ್ಕಳಿಂದ ಬರೆಸಿ. ಕಸಿಯಾಗಿ ಹತ್ತು ವರ್ಷವಾಗಿದ್ದರೂ ತಡವಾಯಿತು ಎಂದುಕೊಳ್ಳಬೇಡಿ.

ದಾನಿ ಕುಟುಂಬದವರೇ, ಕಾಗದ ಬಾರದಿದ್ದರೆ ಆ ಜೀವ ಉಳಿಯಲಿಲ್ಲ ಎಂದೋ ಮರೆತರು ಎಂದೋ ತಿಳಿಯಬೇಡಿ. ಬಂದದ್ದನ್ನು ಈಗಲೇ ಓದಬೇಕೆಂದೂ ಇಲ್ಲ. ಸಂಯೋಜಕರ ಹತ್ತಿರ ಇಟ್ಟಿರಿ ಎನ್ನಲು, ಉತ್ತರ ಬರೆಯದಿರಲು ನಿಮಗೆ ಪೂರ್ತಿ ಹಕ್ಕಿದೆ.

ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಗೆ ನಮ್ಮ ಆಗ್ರಹವಿದೆ. ದಾನವಾದ ಒಂದು ತಿಂಗಳೊಳಗೆ ಆ ಮನೆಗೆ ಕನ್ನಡದಲ್ಲಿ ಒಂದು ಪತ್ರ ಹೋಗಬೇಕು: ಇಂಥ ವಯಸ್ಸಿನ ಒಬ್ಬ ಹೆಂಗಸಿಗೆ ಮೂತ್ರಪಿಂಡ, ಒಬ್ಬ ಗಂಡಸಿಗೆ ಯಕೃತ್ತು, ಈಗ ಹೀಗಿದ್ದಾರೆ ಎಂದು. ಕಸಿ ಮಾಡುವ ಪ್ರತಿ ಆಸ್ಪತ್ರೆಯೂ ಡಿಸ್ಚಾರ್ಜ್ ಕಾಗದದ ಜೊತೆಗೆ ಒಂದು ಖಾಲಿ ಹಾಳೆ ಮತ್ತು ಲಕೋಟೆ ಕೊಡಬೇಕು, ಬಂದ ಕಾಗದವನ್ನು ಸಂಯೋಜಕರು ಓದಿ ತಲುಪಿಸಬೇಕು. ಈಗ ಕೆಲವು ಸಂಯೋಜಕರು ಇಂಥದ್ದನ್ನು ತಮ್ಮ ಒಳ್ಳೆಯತನದಿಂದಲೇ ಮಾಡುತ್ತಾರೆ. ಅವರು ಕೆಲಸ ಬಿಟ್ಟ ದಿನ ಅದು ನಿಲ್ಲಬಾರದು, ನಿಯಮವಾಗಬೇಕು. ಇದಕ್ಕೆ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ನಮ್ಮ ದೇಶದಲ್ಲಿ ಹತ್ತು ಲಕ್ಷ ಜನರಲ್ಲಿ ಮರಣಾನಂತರದ ದಾನಿ ಒಬ್ಬರೂ ಸಿಗುತ್ತಿಲ್ಲ. ಆ ಸಂಖ್ಯೆ ಏರಬೇಕಾದರೆ ಈಗಾಗಲೇ ಕೊಟ್ಟ ಮನೆಯವರು ನೆಂಟರ ಮುಂದೆ 'ನೀವೂ ಕೊಡಿ' ಎನ್ನುವಂತಿರಬೇಕು.

ಈ ಕರಪತ್ರದ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಮುಂದಿನ ಚೆಕಪ್‌ಗೆ ಹೋಗುವಾಗ ಅದರಲ್ಲೇ ಬರೆದು ನಿಮ್ಮ ಸಂಯೋಜಕರ ಕೈಗೆ ಕೊಡಿ.