ಎಂಜಿನ್‌ಗೆ ಫಿಲ್ಟರ್ ಇದೆ, ಓಡಿಸುವವನಿಗೆ ಯಾಕಿಲ್ಲ?

ತೊಗರಿ ರಾಶಿ ಮುಗಿಸಿ ಪಿಕಪ್ ಗಾಡಿಯನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಶಹಾಪುರದ ಗ್ಯಾರೇಜಿನ ಮಿಸ್ತ್ರಿ ಎಂಜಿನ್‌ನ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ನಾಲ್ಕು ಸಲ ಬಡಿದ. ಕರಿಮಣ್ಣು, ತೊಗರಿ ಹೊಟ್ಟು, ಹತ್ತಿ ಎಳೆ ಎಲ್ಲ ಉದುರಿ ಒಂದು ಬೊಗಸೆ ಆಯಿತು.

"ಇದನ್ನ ಹಂಗೇ ಬಿಟ್ರ ಎಂಜಿನ್ ಕೆಲಸ ಬರ್ತದ್ರಿ, ಮೂವತ್ತು ಸಾವಿರಕ್ಕ ಕಡಿಮಿ ಆಗಂಗಿಲ್ಲ" ಅಂದ.

"ಅದೇ ಗಾಳಿ ನಾನೂ ಕುಡಿತೀನಲ್ಲಪ್ಪ, ನನ್ನ ಫಿಲ್ಟರ್ ಎಲ್ಲದ?" ಅಂತ ಕೇಳಿದೆ. ಅವನು ನಕ್ಕ. "ಈ ಮಾಡೆಲ್‌ಗ ಅದಕ್ಕ ಜಾಗಾನೇ ಕೊಟ್ಟಿಲ್ರಿ."

ನನ್ನದು 2011ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹೊಸ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಒಂದು ಮಡಿಕೆ ಮಡಿಕೆಯ ಕ್ಯಾಬಿನ್ ಫಿಲ್ಟರ್ ಇರುತ್ತದೆ. ನಮ್ಮ ಕಡೆ ಓಡಾಡುವ ಹಳೇ ಪಿಕಪ್‌ಗಳಲ್ಲಿ, ಚೋಟಾ ಹಾಥಿಗಳಲ್ಲಿ ನಾನು ನೋಡಿದ ಮಟ್ಟಿಗೆ ಅದು ಇಲ್ಲ. ಬ್ಲೋವರ್ ಹೊರಗಿನದ್ದನ್ನು ಎಳೆದು ನೇರ ಮುಖಕ್ಕೆ ಊದುತ್ತದೆ. ಇಂಥ ಗಾಡಿಗೂ ಫಿಲ್ಟರ್ ಹಾಕಿಸಬಹುದು, ಹಾಕಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿದುಕೊಂಡು ಹಾಕಿಸಬೇಕು.

ಹೊಲದ ಧೂಳು ಬೇರೆ, ಕ್ಯಾಬಿನ್ ಧೂಳು ಬೇರೆ

ನನ್ನ ತೋಟ ಸುರಪುರ ತಾಲ್ಲೂಕಿನಲ್ಲಿದೆ. ವಾರಕ್ಕೆ ಮೂರು ಸಲ ನುಗ್ಗೆ, ಪಪ್ಪಾಯಿ, ತರಕಾರಿ ತುಂಬಿಕೊಂಡು ಹತ್ತಿಗೂಡೂರು ಮೇಲಿಂದ ಶಹಾಪುರಕ್ಕೆ, ಅಲ್ಲಿಂದ ದೋರನಹಳ್ಳಿ ದಾಟಿ ಯಾದಗಿರಿಗೆ ಹೋಗುತ್ತೇನೆ. ಡಾಂಬರು ರಸ್ತೆ ಪರವಾಗಿಲ್ಲ. ತ್ರಾಸು ಇರುವುದು ಹೊಲದ ದಾರಿ, ಕಾಲುವೆ ದಂಡೆಯ ದಾರಿಯಲ್ಲಿ. ನಮ್ಮ ಕರಿಮಣ್ಣು ಮಳೆಗಾಲದಲ್ಲಿ ಟೈರಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಹಿಟ್ಟಿನ ಹಾಗೆ ಏಳುತ್ತದೆ. ಅದರ ಮೇಲೆ ಭತ್ತದ ಕಟಾವಿನ ಮಷೀನಿನ ಧೂಳು, ರಾಶಿ ಮಷೀನಿನ ಹೊಟ್ಟು, ಹುಲ್ಲು ಸುಟ್ಟ ಹೊಗೆ.

"ಹೊಲದಾಗ ದಿನಾ ಧೂಳು ತಿಂತೀವಿ, ಗಾಡ್ಯಾಗ ಎರಡು ತಾಸಿಗೆ ಏನಾಗ್ತದ?" ಎಂದು ಗೆಳೆಯರು ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹೊಲದಲ್ಲಿ ಗಾಳಿ ಬೀಸಿ ಧೂಳನ್ನು ಒಯ್ಯುತ್ತದೆ, ನಾವು ಗಾಳಿಯ ದಿಕ್ಕು ನೋಡಿ ನಿಲ್ಲುತ್ತೇವೆ. ಕ್ಯಾಬಿನ್ ಅಂದರೆ ಮುಚ್ಚಿದ ಡಬ್ಬಿ. ಒಳಗೆ ಬಂದ ಧೂಳು ಸೀಟಿನಲ್ಲಿ, ಮ್ಯಾಟಿನಲ್ಲಿ ಕೂತು, ಗುಂಡಿ ಬಂದಾಗಲೆಲ್ಲ ಮತ್ತೆ ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲಬಹುದು. ಎದೆಯ ಆಳಕ್ಕೆ ಇಳಿಯುವುದು 2.5 ಮೈಕ್ರಾನ್‌ಗಿಂತ ಸಣ್ಣ ಕಣ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಲೆಕ್ಕ ಹಾಕಿ. ಮೊಬೈಲಿನಲ್ಲಿ 'ಸಮೀರ್' ಆ್ಯಪ್ ತೆರೆದರೆ ಯಾದಗಿರಿ ಊರಿನ ಗಾಳಿಯ ಅಂಕಿ ಸಿಗುತ್ತದೆ. ನಿಮ್ಮ ಕ್ಯಾಬಿನ್ ಒಳಗಿನದು ಅದರಲ್ಲಿ ಬರುವುದಿಲ್ಲ.

ನಮ್ಮಪ್ಪ ಇಪ್ಪತ್ತು ವರ್ಷ ಟ್ರ್ಯಾಕ್ಟರ್, ಟೆಂಪೊ ಓಡಿಸಿದವರು. ಈಗ ಚಳಿಗಾಲ ಬಂದರೆ ಇನ್‌ಹೇಲರ್ ಕಿಸೆಯಲ್ಲೇ ಇರಬೇಕು. ಧೂಳಿನಿಂದಲೇ ಹೀಗಾಯಿತು ಎಂದು ಡಾಕ್ಟರ್ ಹೇಳಿಲ್ಲ, ಬೀಡಿಯೂ ಇತ್ತು. ಆದರೂ ನನಗೊಂದು ವಿಷಯ ಚುಚ್ಚಿತು. ತೋಟಗಾರಿಕೆ ಓದಿ ಬಂದು, ಬೆಳೆಗೆ ಒಂದು ಹನಿ ವಿಷ ತಾಗಿಸುವುದಿಲ್ಲ ಎಂದು ಹಟ ಹಿಡಿದವನು ನಾನು. ಮಣ್ಣಿನ ಆರೋಗ್ಯದ ಬಗ್ಗೆ ಭಾಷಣ ಮಾಡುತ್ತೇನೆ. ನನ್ನ ಎದೆಯೊಳಗೆ ಏನು ಹೋಗುತ್ತಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

ನಾನು ಮೊದಲು ಕೆಡಿಸಿದ್ದು

ಮೊದಲ ಸಲ ಯಾರನ್ನೂ ಕೇಳದೆ, ಬ್ಲೋವರ್ ಬಾಯಿಗೆ ದಪ್ಪ ಸ್ಪಂಜು ತುರುಕಿದೆ. ಗಾಳಿ ಅರ್ಧಕ್ಕೂ ಕಡಿಮೆ ಆಯಿತು. ಹಿಂದಿನ ಮಾಲೀಕ ಹಾಕಿಸಿದ್ದ ಎ.ಸಿ. ಒಳಗೆ ಐಸ್ ಕಟ್ಟಿತು. ಎಂಟನೇ ದಿನ ಸ್ಪಂಜಿನ ಒಂದು ತುಂಡು ಒಳಗೆ ಎಳೆದುಕೊಂಡು ಬ್ಲೋವರ್ ಕಿರ್ ಎಂದು ನಿಂತೇಬಿಟ್ಟಿತು. ಬಿಚ್ಚಿ ಸರಿಮಾಡಲು ಒಂದು ದಿನ, 700 ರೂಪಾಯಿ ಹೋಯಿತು. ನೀವು ಹಾಗೆ ಮಾಡಬೇಡಿ. ಮಿಸ್ತ್ರಿ ಜೊತೆ ಕೂತು ಮಾಡಿದ ಎರಡನೇ ಪ್ರಯತ್ನ ಹೀಗಿತ್ತು:

1. ಮೊದಲು ಸಂದಿ ಮುಚ್ಚಿ. ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ ಕ್ಯಾಬಿನ್ ಒಳಗಿಡಿ, ಬಾಗಿಲು ಹಾಕಿ ಹೊರಗಿನಿಂದ, ಕೆಳಗಿನಿಂದ ನೋಡಿ. ಬೆಳಕು ಎಲ್ಲಿ ಬರುತ್ತದೋ ಧೂಳು ಅಲ್ಲಿಂದಲೇ ಹೋಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್, ಗೇರ್ ಬುಡದ ರಬ್ಬರ್, ಪೆಡಲ್ ಮತ್ತು ವೈರ್ ಹಾಯ್ದ ತೂತು ನೋಡಿ. ಎಂಜಿನ್ ಕಡೆಯ ತೂತು ಬಿಡಲೇಬೇಡಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

2. ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಹುಡುಕಿ. ಸಾಮಾನ್ಯವಾಗಿ ಮುಂದಿನ ಗಾಜಿನ ಬುಡದ ಜಾಲರಿ ಕೆಳಗೆ, ಇಲ್ಲವೇ ಡ್ಯಾಶ್‌ಬೋರ್ಡ್ ಕೆಳಗೆ ಎಡಗಡೆ ಇರುತ್ತದೆ. ಕೈ ಹಾಕುವ ಮೊದಲು ಬ್ಯಾಟರಿ ವೈರ್ ಬಿಚ್ಚಿ.

3. ಅಂಗಡಿಯಲ್ಲಿ ಸಿಗುವ ಯಾವುದಾದರೂ ಕಾರಿನ ಕ್ಯಾಬಿನ್ ಫಿಲ್ಟರನ್ನು ಅಳತೆಗೆ ಕತ್ತರಿಸಿ, ಬ್ಲೋವರ್‌ಗಿಂತ ಮೊದಲು, ಅಂದರೆ ಗಾಳಿ ಎಳೆಯುವ ಕಡೆ ಕೂರಿಸಿ. ಬಾಣದ ಗುರುತು ಗಾಳಿ ಹೋಗುವ ದಿಕ್ಕಿಗಿರಲಿ. ಫಿಲ್ಟರ್ ಮತ್ತು ಬ್ಲೋವರ್ ನಡುವೆ ತಂತಿ ಜಾಲರಿ ಇಡಿ, ಒಳಗೆ ಎಳೆದುಕೊಳ್ಳುವುದಿಲ್ಲ. ಅಂಚಿಗೆ ಫೋಮ್ ಟೇಪ್ ಹಚ್ಚಿ. ಅಂಚಿನಲ್ಲಿ ಸಂದಿ ಉಳಿದರೆ ಗಾಳಿ ಫಿಲ್ಟರ್ ಬಿಟ್ಟು ಅಲ್ಲೇ ನುಸುಳುತ್ತದೆ.

4. ಮಳೆನೀರು ಹರಿದುಹೋಗುವ ದಾರಿ ಮುಚ್ಚಬೇಡಿ. ಫಿಲ್ಟರ್ ಒದ್ದೆಯಾದರೆ ಬೂಸಲು ಹಿಡಿದು ವಾಸನೆ ಹೊಡೆಯುತ್ತದೆ.

5. ಹಾಕುವ ಮೊದಲು, ಹಾಕಿದ ಮೇಲೆ ಒಂದು ಕಾಗದದ ಪಟ್ಟಿಯನ್ನು ಗಾಳಿಯ ಬಾಯಿಗೆ ಹಿಡಿದು ವಿಡಿಯೊ ಮಾಡಿ. ಗಾಳಿ ತುಂಬ ಬಿದ್ದಿದ್ದರೆ ಇನ್ನೂ ಅಗಲದ ಫಿಲ್ಟರ್ ಬೇಕು.

ಎಲ್ಲ ಸೇರಿ ನನಗೆ ಬಂದ ಖರ್ಚು 950 ರೂಪಾಯಿ. ಸುಗ್ಗಿಯಲ್ಲಿ ಹದಿನೈದು ದಿನಕ್ಕೊಮ್ಮೆ ಮಾಸ್ಕ್ ಹಾಕಿಕೊಂಡು ಹೊರಗೆ ಮೆಲ್ಲಗೆ ತಟ್ಟುತ್ತೇನೆ, ರಾಶಿ ಮುಗಿದ ಮೇಲೆ ಹೊಸದು ಹಾಕುತ್ತೇನೆ. ಕಂಪ್ರೆಸರ್ ಗಾಳಿ ಹೊಡೆದರೆ ಎಳೆ ಹರಿಯುತ್ತದೆ, ನೀರಲ್ಲಿ ತೊಳೆದರೆ ಕೆಲಸಕ್ಕೆ ಬರುವುದಿಲ್ಲ.

ಕೆಲಸ ಮಾಡುತ್ತದೆಯೇ ಎಂದು ನೋಡಲು ಬೆಳೆಗೆ ಮಾಡುವ ಹಾಗೆ ಪ್ರಯೋಗ ಮಾಡಿದೆ. ಡ್ಯಾಶ್‌ಬೋರ್ಡ್ ಒರೆಸಿ, ಅದೇ ಕಾಲುವೆ ದಾರಿಯಲ್ಲಿ ಅಷ್ಟೇ ದೂರ ಹೋಗಿ, ಬಿಳಿ ಬಟ್ಟೆಯಿಂದ ಮತ್ತೆ ಒರೆಸಿದೆ. ಮೊದಲಿನ ಬಟ್ಟೆ ಕಪ್ಪಾಗಿತ್ತು, ಫಿಲ್ಟರ್ ಹಾಕಿದ ಮೇಲಿನದು ತಿಳಿ ಬೂದು. ಬಟ್ಟೆ ಸಣ್ಣ ಕಣ ತೋರಿಸುವುದಿಲ್ಲ, ಗೊತ್ತು. ರಾತ್ರಿ ಮೂಗು ಸೀನಿದರೆ ಕರಿ ಬರುವುದಂತೂ ನಿಂತಿದೆ.

ಅದರಿಂದ ಆಗದ ಕೆಲಸ

ಕಿಟಕಿ ತೆರೆದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಕಿಟಕಿ ಮುಚ್ಚಿ, ಹೊರಗಾಳಿಗಿಟ್ಟು ಬ್ಲೋವರ್ ಓಡಿಸಿದರೆ ಒಳಗೆ ಸ್ವಲ್ಪ ಒತ್ತಡ ಬರುತ್ತದೆ, ಸಂದಿಯಲ್ಲಿ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಧೂಳು ಒಳಗೆ ಬರುವುದಿಲ್ಲ. ಗುಟ್ಟು ಇರುವುದೇ ಇಲ್ಲಿ. ಎ.ಸಿ. ಇಲ್ಲದ ಗಾಡಿಯಲ್ಲಿ ಡಿಸೆಂಬರ್, ಜನವರಿಯಲ್ಲಿ ಇದು ನಡೆಯುತ್ತದೆ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಕಿಟಕಿ ಮುಚ್ಚಿ ಎಂದು ಹೇಳುವವನು ಹುಚ್ಚ. ಆಗ ಒಳ್ಳೆಯ ಎನ್95 ಮಾಸ್ಕೇ ಗತಿ. ಬ್ಲೋವರೇ ಇಲ್ಲದ ಗಾಡಿಯಾದರೆ ಫಿಲ್ಟರ್ ದುಡ್ಡನ್ನು ರಬ್ಬರ್ ಬೀಡಿಂಗ್, ಮಾಸ್ಕ್‌ಗೆ ಹಾಕಿ.

ಇನ್ನೊಂದು, ಔಷಧಿ. ಯುರೋಪಿನಲ್ಲಿ ಸಿಂಪಡಣೆಯ ಟ್ರ್ಯಾಕ್ಟರ್ ಕ್ಯಾಬಿನ್‌ಗಳನ್ನು ನಾಲ್ಕು ದರ್ಜೆ ಮಾಡಿದ್ದಾರೆ. ಎರಡನೆಯದು ಧೂಳಿಗೆ ಮಾತ್ರ, ಮೂರನೆಯದು ಸಣ್ಣ ಹನಿಗೂ ಆಗುತ್ತದೆ, ವಿಷದ ಆವಿ ತಡೆಯುವುದು ನಾಲ್ಕನೆಯದು ಮಾತ್ರ. ನಮ್ಮ ಕೈಕೆಲಸದ ಫಿಲ್ಟರನ್ನು ಧೂಳಿನ ಫಿಲ್ಟರ್ ಎಂದಷ್ಟೇ ತಿಳಿಯಿರಿ. ಕಾರ್ಬನ್ ಫಿಲ್ಟರ್ ವಾಸನೆ ಎಳೆದುಕೊಂಡರೂ ಬೇಗ ತುಂಬಿಹೋಗುತ್ತದೆ. ಹತ್ತಿಯ ಔಷಧಿ ಡಬ್ಬಿಯನ್ನು ಸೀಟಿನ ಕೆಳಗಿಟ್ಟುಕೊಂಡು ಬರುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ವಿಷ ಒಳಗೇ ಕೂತಿದ್ದರೆ ಯಾವ ಫಿಲ್ಟರೂ ಕಾಯುವುದಿಲ್ಲ. 2017ರಲ್ಲಿ ಯವತ್ಮಾಳದ ಹತ್ತಿ ಹೊಲಗಳಲ್ಲಿ ಸಿಂಪಡಣೆಯ ವಿಷ ಏರಿ ಜನ ಸತ್ತದ್ದು ನೆನಪಿರಲಿ. ಡಬ್ಬಿ ಹಿಂದೆ ಇರಲಿ, ಬಿಗಿಯಾಗಿ ಕಟ್ಟಿರಲಿ.

ಹಿಂದೆ ಕೂತವರು

ಇದನ್ನು ಬರೆಯುವುದು ಬೇಡ ಅನ್ನಿಸಿತ್ತು, ಆದರೆ ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳಾಗುತ್ತದೆ. ಫಿಲ್ಟರ್ ಹಾಕಿಸಿದ ವಾರವೇ ಹತ್ತಿ ಬಿಡಿಸಲು ಹೆಣ್ಣುಮಕ್ಕಳನ್ನು ಗಾಡಿ ಹಿಂದೆ ಹತ್ತಿಸಿಕೊಂಡು ಬಂದೆ. ಇಳಿಯುವಾಗ ಒಬ್ಬ ಹಿರಿಯಾಕೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಅಂದಳು: "ಯಪ್ಪಾ, ಮುಂದ ಏನೋ ಜಾಳಗಿ ಹಾಕಿಸೀದಂತ, ಧೂಳ ಬರಂಗಿಲ್ಲಂತ. ನಮಗೂ ಒಂದು ಹಾಕ್ಸೋ."

ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ನನ್ನ ಚಕ್ರ ಎಬ್ಬಿಸಿದ ಧೂಳನ್ನೇ ಅವರು ದಾರಿಯುದ್ದಕ್ಕೂ ಕುಡಿದಿದ್ದರು. ಸರಕಿನ ಗಾಡಿಯಲ್ಲಿ ಜನ ತುಂಬುವುದು ಕಾನೂನಿಗೂ ವಿರುದ್ಧ, ಪಲ್ಟಿಯಾದರೆ ವಿಮೆ ಬರುವ ಭರವಸೆಯೂ ಇಲ್ಲ. ಗೊತ್ತಿದ್ದೂ ನಾವೆಲ್ಲ ಮಾಡುತ್ತೇವೆ, ನಾನೂ ಮಾಡಿದ್ದೇನೆ.

ಈಗ ಕೂಲಿಯವರಿಗೆ ಪ್ಯಾಸೆಂಜರ್ ಆಟೊ ಹೇಳುತ್ತೇನೆ. ಹತ್ತಿ ಬಿಡಿಸುವ ದಿನಗಳಲ್ಲಿ ಖರ್ಚು ಹೆಚ್ಚಾಗುತ್ತದೆ, ಸುಳ್ಳು ಹೇಳುವುದಿಲ್ಲ. ನಾಲ್ಕು ಹೊಲದವರು ಸೇರಿ ಒಂದೇ ಆಟೊ ಮಾತಾಡಿಕೊಂಡ ಮೇಲೆ ಕೈಗೆ ಎಟುಕಿದೆ. ರಾಶಿಯ ದಿನ ಹೊಟ್ಟಿನ ಬಾಯಿ ಹತ್ತಿರ ನಿಲ್ಲುವವರಿಗೆಲ್ಲ ಮಾಸ್ಕ್ ಕೊಡುತ್ತೇನೆ. ಮೊದಲ ದಿನ ಸೊಂಟಕ್ಕೆ ಸಿಗಿಸಿಕೊಂಡರು, ಮೂರನೇ ದಿನ ತಾವೇ ಕೇಳಿ ಹಾಕಿಕೊಂಡರು.

ಈ ವಾರ ಎಂಜಿನ್ ಫಿಲ್ಟರ್ ಬಿಚ್ಚಿದಾಗ ಅದರಿಂದ ಉದುರುವ ಮಣ್ಣು ಒಮ್ಮೆ ನೋಡಿ. ಆಮೇಲೆ ರಾತ್ರಿ ಟಾರ್ಚ್ ಪರೀಕ್ಷೆ ಮಾಡಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಫಿಲ್ಟರ್ ಹಾಕಿಸಿದ ಮೇಲೆ ಹೊಲಕ್ಕೆ ಹೊರಡುವಾಗ ಹಿಂದೆ ಯಾರು ಕೂತಿದ್ದಾರೆ ಎಂದೂ ತಿರುಗಿ ನೋಡಿ.